ಅರ್ಧ ಮಾತ್ರೆ ಬಾಳೆಗೆ

ನನ್ನ ವಾರಗಿತ್ತಿಗೆ ಮೊದಲು ಬಂದದ್ದು ಉರಿ, ಗುಳ್ಳೆ ಆಮೇಲೆ. ಎಡ ಹುಬ್ಬಿನಿಂದ ಹಿಡಿದು ಕೂದಲೊಳಗೆ ಹೋಗುವ ತನಕ ಯಾರೋ ಕಾದ ಸೌಟು ಎಳೆದ ಹಾಗಿದೆ ಎಂದಳು. ನಾನು, "ಟೀವಿ ನೋಡಿ ಅದ್ಯಾವುದೋ ಎಣ್ಣೆ ತರಿಸ್ಕೊಂಡು ತಿಕ್ಕೊಂಡ್ಯಲ್ಲ, ಅನುಭವಿಸು" ಎಂದೆ. ಅವಳು ಸುಮ್ಮನೆ ಕಾಫಿ ಕುಡಿದು ಎದ್ದು ಹೋದಳು. ತಿರುಗಿ ಮಾತಾಡದೆ ಹೋದಾಗಲೇ ನನಗೆ ಹೆದರಿಕೆಯಾಗಬೇಕಿತ್ತು. ಅವಳು ಹಾಗೆ ಹೋಗುವವಳಲ್ಲ.

ನಾವಿಬ್ಬರೂ ಅಣ್ಣತಮ್ಮಂದಿರನ್ನು ಮದುವೆಯಾಗಿ ಕೆಂಗೇರಿಯ ಈ ಮನೆಗೆ ಬಂದವರು. ಆಗ ಮನೆಯ ಹಿಂದೆ ರಾಗಿ ಹೊಲವಿತ್ತು. ಈಗ ಹೊಲದ ಮೇಲೆ ಮನೆ, ಮನೆಯ ಮೇಲೆ ಮನೆ, ಅದರ ಮೇಲೆ ನೀರಿನ ಟ್ಯಾಂಕು. ಗಂಡಂದಿರು ಇಬ್ಬರೂ ಹೋದರು. ಮನೆ ನಡುವೆ ಗೋಡೆ ಎದ್ದು ಎರಡು ಪೋರ್ಷನ್ ಆಗಿದೆ. ಒಂದರಲ್ಲಿ ನಾನು, ಮಗ, ಸೊಸೆ, ಮೊಮ್ಮಗಳು. ಇನ್ನೊಂದರಲ್ಲಿ ಅವಳೊಬ್ಬಳೇ, ಮಕ್ಕಳಿಲ್ಲ. ಅಡುಗೆ ಅವಳದು ಅವಳಿಗೆ, ಕಾಫಿ ಮಾತ್ರ ನನ್ನ ಮನೆಯಲ್ಲಿ. ಹಿತ್ತಿಲು ಇಬ್ಬರದೂ, ಹಿತ್ತಿಲ ಬಾಳೆ ಅವಳದು. ಗಂಡಸರು ಕೂತು ಪಾಲು ಮಾಡಿದಾಗ ಅವಳು ಬಾಯಿಬಿಟ್ಟು ಕೇಳಿದ್ದು ಆ ಬಾಳೆಯನ್ನು ಮಾತ್ರ. ಕೊಟ್ಟರು. ಪಾತ್ರೆ ತೊಳೆದ ನೀರು ಕುಡಿದು ಬೆಳೆಯುವ ಏಲಕ್ಕಿ ಬಾಳೆಗೆ ಯಾರು ಜಗಳ ಆಡುತ್ತಾರೆ? ಆದರೆ ಹಬ್ಬ ಬಂತೆಂದರೆ ಬೀದಿಯ ಬಾಡಿಗೆ ಮನೆಯವರೆಲ್ಲ ಅವಳ ಬಾಗಿಲಲ್ಲಿ ನಿಲ್ಲುತ್ತಾರೆ. ಎಲೆ ಆಂಟಿ ಎಂದೇ ಅವಳನ್ನು ಕರೆಯುವುದು. ನನ್ನನ್ನು ಯಾರೂ ಏನೂ ಕೇಳುವುದಿಲ್ಲ.

ಇನ್ನೊಂದು ವಿಷಯ ಈಗಲೇ ಹೇಳಿಬಿಡಬೇಕು. ಅವಳ ಬಲಗಣ್ಣು ಇದ್ದೂ ಇಲ್ಲದ್ದು. ಹುಡುಗಿಯಾಗಿದ್ದಾಗ ರಾಗಿ ತೂರುವಾಗ ಹೊಟ್ಟು ಬಿದ್ದು ಹುಣ್ಣಾಯಿತು. ಯಾರೋ ಯಾವುದೋ ಸೊಪ್ಪಿನ ರಸ ಹಿಂಡಿದರು. ಕಣ್ಣಿಗೆ ಹೂ ಬಿತ್ತು. ಬೆಳಕು ಯಾವುದು, ಕತ್ತಲೆ ಯಾವುದು, ಕಣ್ಣೆದುರಿಗೆ ತಂದರೆ ಬಣ್ಣ ಯಾವುದು, ಇಷ್ಟು ಗೊತ್ತಾಗುತ್ತದೆ. ಇಷ್ಟು ವರ್ಷ ಅವಳು ಅಕ್ಕಿಯಲ್ಲಿ ಕಲ್ಲು ಆರಿಸಿದ್ದು, ಹೂ ಕಟ್ಟಿದ್ದು, ನನ್ನ ಸೀರೆಯ ಮೇಲಿನ ಕಲೆ ಹುಡುಕಿ ಆಡಿಕೊಂಡದ್ದು ಎಲ್ಲ ಎಡಗಣ್ಣಿನಲ್ಲಿ. ಗುಳ್ಳೆ ಎದ್ದದ್ದು ಆ ಎಡಗಣ್ಣಿನ ಮೇಲುಗಡೆ.

ಮರುದಿನ ಬೆಳಿಗ್ಗೆ ನೋಡಿದರೆ ಹಣೆಯ ಅರ್ಧ ಭಾಗ ಕೆಂಪಗೆ ಊದಿ, ಅದರ ಮೇಲೆ ಸಬ್ಬಕ್ಕಿ ಚೆಲ್ಲಿದ ಹಾಗೆ ಗುಳ್ಳೆ. ನೋಡಿದ ಕೂಡಲೇ ಗೊತ್ತಾಯಿತು, ಸರ್ಪಸುತ್ತು. ನಮ್ಮ ಕಡೆ ಅದರ ಹೆಸರೆತ್ತಿದರೆ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಮೈಸುತ್ತ ಬರುತ್ತದೆ, ತಲೆಯೂ ಬಾಲವೂ ಕೂಡಿದರೆ ಆ ಜೀವ ಉಳಿಯುವುದಿಲ್ಲ ಎಂದು ಕೇಳಿಕೊಂಡೇ ಬೆಳೆದವರು ನಾವು. ಕೆಮ್ಮಣ್ಣು ಕಲಸಿ ಹಚ್ಚಿ ಅದರ ದಾರಿ ಕಟ್ಟುವವಳು ಒಬ್ಬಳು ಬಾಪೂಜಿ ನಗರದಲ್ಲಿದ್ದಾಳೆ. ನಾನು ಅವಳಿಗೇ ಫೋನು ಮಾಡಲು ಹೊರಟಿದ್ದೆ. ಮೊಮ್ಮಗಳು ತಲೆಗೆ ಟವೆಲ್ ಸುತ್ತಿಕೊಂಡೇ ಓಡಿ ಬಂದು ಫೋನು ಕಿತ್ತುಕೊಂಡಳು.

"ಅಜ್ಜಿ, ಕಣ್ಣಿನ ಹತ್ರ ಮಣ್ಣು ಹಚ್ತೀರಾ? ತಲೆ ಕೆಟ್ಟಿದೆಯಾ? ಚಿಕ್ಕಜ್ಜಿ, ಏಳಿ, ಕ್ಲಿನಿಕ್ಕಿಗೆ ಹೋಗೋಣ."

"ಸೀರೆ ಬದಲಾಯಿಸ್ಕೊಂಡು ಬತ್ತೀನಿ ಇರು."

"ಹಂಗೇ ಬನ್ನಿ. ಯಾರೂ ನಿಮ್ಮನ್ನ ನೋಡೋಕೆ ಬರ್ತಿಲ್ಲ."

ಕ್ಲಿನಿಕ್ಕಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೀಪ ಹಿಡಿದು ಹಣೆ ನೋಡಿದಳು, ಆಮೇಲೆ ಮೂಗಿನ ತುದಿ ನೋಡಿದಳು. ಅಲ್ಲಿಯೂ ಒಂದು ಗುಳ್ಳೆಯಿತ್ತು. ಅದನ್ನು ನೋಡಿದಮೇಲೆ ಆಕೆಯ ಮುಖ ಬೇರೆಯಾಯಿತು.

"ಚಿಕ್ಕೋರಿದ್ದಾಗ ಅಮ್ಮ ಬಂದಿತ್ತಾ ಅಜ್ಜಿ, ಚಿಕನ್ ಪಾಕ್ಸು?"

"ಬಂದಿತ್ತು. ಬೇವಿನ ಸೊಪ್ಪಲ್ಲಿ ಮಲಗ್ಸಿದ್ರು."

"ಆವತ್ತಿನ ವೈರಸ್ಸೇ ಇದು. ನರದೊಳಗೆ ಮಲಗಿತ್ತು, ಈಗ ಎದ್ದಿದೆ."

"ಇಷ್ಟು ವರ್ಷ ಬಾಡಿಗೆ ಕೊಡದೆ ಮಲಗಿತ್ತಾ?" ಎಂದಳು ನನ್ನ ವಾರಗಿತ್ತಿ.

ಡಾಕ್ಟರು ನಗಲಿಲ್ಲ. ಮೂಗಿನ ತುದಿಗೂ ಕಣ್ಣಿನೊಳಕ್ಕೂ ಹೋಗುವ ನರ ಒಂದೇ, ಅಲ್ಲಿ ಗುಳ್ಳೆ ಬಂದರೆ ಕಣ್ಣಿಗೂ ಬರುವ ಸಂಭವ ಹೆಚ್ಚು ಎಂದಳು. ಮಾತ್ರೆಯನ್ನು ದಿನಕ್ಕೆ ಐದು ಸಲ, ಹೇಳಿದ ಹೊತ್ತಿಗೆ ತಪ್ಪದೆ ನುಂಗಬೇಕು. ಕಣ್ಣು ಕೆಂಪಾದರೆ, ಬೆಳಕು ನೋಡಲಾಗದಿದ್ದರೆ ತಕ್ಷಣ ಕಣ್ಣಿನ ಆಸ್ಪತ್ರೆಗೆ ಓಡಬೇಕು. ಮಾತ್ರೆ ನೋಡಿದೆ. ಹುಣಸೆ ಬೀಜದಷ್ಟಿತ್ತು. ನುಂಗಲು ಕಷ್ಟವಾದರೆ ಎರಡು ತುಂಡು ಮಾಡಿಕೊಳ್ಳಿ ಎಂದು ಡಾಕ್ಟರೇ ಹೇಳಿದಳು.

ಮನೆಗೆ ಬರುವಾಗ ಆಟೋದಲ್ಲಿ ನಾನು ಲೆಕ್ಕ ಹಾಕುತ್ತಿದ್ದದ್ದು ಇದನ್ನು: ಎಡಗಣ್ಣು ಹೋದರೆ ಇವಳು ಕುರುಡಿ. ಕುರುಡಿಯಾದರೆ ಕೈಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಬೇಕಾದವಳು ನಾನು. ನನಗೇ ಮೊಣಕಾಲು ಮಡಚುವುದಿಲ್ಲ. ಪ್ರೀತಿ ಗೀತಿ ಎಂದು ನಾನು ಬರೆಯುವುದಿಲ್ಲ, ಆವತ್ತು ನನ್ನ ತಲೆಯಲ್ಲಿ ಇದ್ದದ್ದು ಬಚ್ಚಲು.

ಅಂದಿನಿಂದ ನನ್ನದು ಪೊಲೀಸ್ ಕೆಲಸವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಅವಳನ್ನು ಹಿತ್ತಿಲಿಗೆ ಕರೆದು, ಬಲಗಣ್ಣನ್ನು ನನ್ನ ಅಂಗೈಯಿಂದ ಮುಚ್ಚಿ, ಎದುರು ಮಹಡಿಯಲ್ಲಿ ಒಣಗಹಾಕಿದ ಬಟ್ಟೆ ಯಾವುದೆಂದು ಹೇಳಿಸುತ್ತಿದ್ದೆ.

"ಏನೈತೆ ಅಲ್ಲಿ?"

"ನೈಟಿ."

"ಯಾವ ಬಣ್ಣ?"

"ಅವಳ ಹತ್ರ ಇರೋದೇ ಒಂದು ನೈಟಿ ಕಣಕ್ಕಾ, ನೀಲಿ. ನೋಡ್ದೇನೇ ಹೇಳ್ತೀನಿ."

"ನೋಡಿ ಹೇಳೇ ಮೂದೇವಿ!"

"ನೀಲಿ. ಪಕ್ಕದಲ್ಲಿ ಗಂಡಸಿನ ಬನೀನು, ತೂತು ಬಿದ್ದೈತೆ. ಸಾಕಾ?"

ತೂತು ಕಂಡರೆ ಆ ದಿನದ ಮಟ್ಟಿಗೆ ನನಗೆ ಉಸಿರು ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಹೆದರಿಕೆ. ಅವಳು ಕಣ್ಣುಜ್ಜಿದರೆ ಹೆದರಿಕೆ, ಉಜ್ಜದೆ ಸುಮ್ಮನೆ ಕೂತರೂ ಹೆದರಿಕೆ. ಮಾತ್ರೆಯ ಹಾಳೆಯನ್ನು ದಿನವೂ ತರಿಸಿ ನೋಡುತ್ತಿದ್ದೆ. ಡಾಕ್ಟರು ಹೇಳಿದ ಲೆಕ್ಕಕ್ಕೆ ಸರಿಯಾಗಿ ಖಾಲಿಯಾಗುತ್ತಿತ್ತು. ಆದರೆ ಹಣೆ ಒಣಗುತ್ತಿರಲಿಲ್ಲ. ಹಳೆಯದು ಹಕ್ಕಳೆ ಕಟ್ಟಿದರೆ ಪಕ್ಕದಲ್ಲಿ ಹೊಸದು ಏಳುತ್ತಿತ್ತು.

ಅದೇ ಸಮಯಕ್ಕೆ ಬಾಳೆಯದೂ ಒಂದು ಕಥೆ. ಮಳೆಗಾಲಕ್ಕೆ ಮುಂಚಿನಿಂದಲೇ ಅದು ಸರಿಯಿರಲಿಲ್ಲ. ಹೊಸ ಎಲೆ ಬಿಚ್ಚಿ ಬಾಗುವ ಬದಲು ಸಣ್ಣಗೆ, ಗಿಡ್ಡಗೆ, ನೆಟ್ಟಗೆ ನಿಂತು, ತುದಿಯಲ್ಲಿ ಎಲ್ಲ ಒಟ್ಟುಗೂಡಿ ಪೊರಕೆ ನಿಲ್ಲಿಸಿದ ಹಾಗೆ ಕಾಣುತ್ತಿತ್ತು. ಊಟಕ್ಕೆ ಹಾಕುವಂಥ ಒಂದು ಎಲೆಯೂ ಇಲ್ಲ. ನನ್ನ ವಾರಗಿತ್ತಿ ಬೂದಿ ಹಾಕಿದಳು, ಸಗಣಿ ನೀರು ಹಾಕಿದಳು, ದೃಷ್ಟಿಯಾಗಿದೆ ಎಂದು ಹಳೇ ಚಪ್ಪಲಿ ಕಟ್ಟಿದಳು. ಮೊಮ್ಮಗಳು ಎಲೆಯ ಚೂರನ್ನು ತನ್ನ ಲ್ಯಾಬಿಗೆ ತೆಗೆದುಕೊಂಡು ಹೋದಳು. ಅವಳು ಓದುತ್ತಿರುವುದೇ ಅದು: ಬಾಳೆಯ ಕುಡಿಯನ್ನು ಬಾಟಲಿಯೊಳಗೆ ಬೆಳೆಸಿ ಅದರ ರೋಗ ಬಿಡಿಸಲು ಆಗುತ್ತದೆಯೇ ಎಂದು ನೋಡುವುದು. ಹಣೆಯ ಮೇಲೆ ಗುಳ್ಳೆ ಎದ್ದ ವಾರದಲ್ಲೇ ಪರೀಕ್ಷೆಯ ಉತ್ತರವೂ ಬಂತು.

"ಬಂಚಿ ಟಾಪ್ ವೈರಸ್ಸು ಚಿಕ್ಕಜ್ಜಿ. ಗಡ್ಡೆ ಸಮೇತ ತೆಗೆಸ್ಬೇಕು. ಇದಕ್ಕೆ ಔಷಧಿ ಇಲ್ಲ."

ನಮ್ಮ ನಡುಮನೆಯಲ್ಲಿ ಕೂತು ದೇವರಿಗೆ ಮಲ್ಲಿಗೆ ಕಟ್ಟುತ್ತಿದ್ದ ಅವಳು ಕೈ ನಿಲ್ಲಿಸಿದಳು. "ನನಗೂ ವೈರಸ್ಸು ಅಂದ್ರು. ನನಗೆ ಮಾತ್ರೆ ಕೊಟ್ರು. ಅದಕ್ಕೆ ಮಾತ್ರ ಗುದ್ದಲಿನಾ?"

ಮೊಮ್ಮಗಳಿಗೆ ಯಾರಾದರೂ ಪ್ರಶ್ನೆ ಕೇಳಿದರೆ ಸಾಕು, ಹೊತ್ತು ಹೋದದ್ದು ಗೊತ್ತಾಗುವುದಿಲ್ಲ. ಬ್ಯಾಗು ಹೆಗಲ ಮೇಲಿದ್ದಂತೆಯೇ ನೆಲದಲ್ಲಿ ಕೂತಳು. ಹೂವಿನ ಬುಟ್ಟಿ ಎಳೆದುಕೊಂಡಳು.

"ನಿಮ್ಮ ಮಾತ್ರೆ ಏನ್ಮಾಡುತ್ತೆ ಹೇಳ್ತೀನಿ ಕೇಳಿ. ವೈರಸ್ಸು ಅಂದ್ರೆ ಒಂದು ಹೂವಿನ ಮಾಲೆ ಅಂದ್ಕೊಳ್ಳಿ. ಯಾವ ಹೂ ಆದ್ಮೇಲೆ ಯಾವ ಹೂ ಅನ್ನೋ ಸಾಲೇ ಅದರ ಜೀವ, ಅದಕ್ಕೇ ಡಿಎನ್‌ಎ ಅನ್ನೋದು. ಒಂದಿದ್ದದ್ದು ಎರಡಾಗ್ಬೇಕಾದ್ರೆ, ಆ ಮಾಲೆ ನೋಡ್ಕೊಂಡು ಅದೇ ಥರ ಇನ್ನೊಂದು ಕಟ್ಟೋ ಕೈ ಬೇಕು. ಆ ಕೈ ಒಂದು ಎನ್‌ಜೈಮ್."

ಕನ್ನಡದಲ್ಲಿ ಅದನ್ನು ಕಿಣ್ವ ಎನ್ನುತ್ತಾರಂತೆ. ನಾಲ್ಕನೇ ಕ್ಲಾಸಿಗೆ ಬಿಟ್ಟ ನನಗೆ ಎರಡೂ ಒಂದೇ. ಕೈ ಎಂದದ್ದು ಅರ್ಥವಾಯಿತು.

"ಮಾತ್ರೆ ಹೂವಿನ ವೇಷ ಹಾಕ್ಕೊಂಡು ಬುಟ್ಟೀಲಿ ಬಂದು ಬೀಳುತ್ತೆ. ನೋಡೋಕೆ ಮಲ್ಲಿಗೆ ಮೊಗ್ಗೇ. ಆದ್ರೆ ಮುಂದಿನ ಹೂ ಸೇರಿಸಿ ಗಂಟು ಹಾಕೋಕೆ ತೊಟ್ಟೇ ಇಲ್ಲ. ಕೈಗೆ ಗೊತ್ತಾಗಲ್ಲ, ಕಟ್ಟಿಬಿಡುತ್ತೆ. ಕಟ್ಟಿದ್ಮೇಲೆ ಮುಂದಿನ ಹೂ ನಿಲ್ಲಲ್ಲ. ಮಾಲೆ ಅಲ್ಲಿಗೇ ಮುಗೀತು. ಹೊಸ ಮಾಲೆ ಇಲ್ಲ ಅಂದ್ರೆ ಹೊಸ ವೈರಸ್ಸಿಲ್ಲ."

"ಮೋಸದ ಹೂವು ಅನ್ನು" ಎಂದಳು ನನ್ನ ವಾರಗಿತ್ತಿ. "ಮಾರ್ಕೆಟ್ಟಲ್ಲಿ ನಮಗೆ ಹಾಕ್ತಾರಲ್ಲ, ತಳದಲ್ಲಿ."

"ಕರೆಕ್ಟ್!"

"ಬಾಳೇಲಿರೋದೂ ಇಂಥದ್ದೇ ಮಾಲೆನಾ?"

"ಹೂಂ, ಅದೂ ಡಿಎನ್‌ಎ ವೈರಸ್ಸೇ. ಅದರ ಮಾಲೆನೂ ಯಾವುದೋ ಕೈ ಕಟ್ಲೇಬೇಕು. ಆದ್ರೆ ಅಲ್ಲಿ ಕಷ್ಟ ಏನು ಅಂದ್ರೆ..." ಎನ್ನುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಲ್ಯಾಬಿನಿಂದ ಕರೆ. "ಅಯ್ಯೋ, ಲೇಟಾಯ್ತು, ಮೆಟ್ರೋ ಹಿಡೀಬೇಕು, ಬರ್ತೀನಿ" ಎಂದು ಓಡಿದಳು. ಕಷ್ಟ ಏನು ಎಂಬುದು ಹಾಗೇ ಉಳಿಯಿತು. ಸಂಜೆ ಬಂದಮೇಲೆ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅದಾಗಿ ಕೆಲವು ದಿನಕ್ಕೆ ಒಂದು ಬೆಳಿಗ್ಗೆ ಅವಳು ಕಾಫಿಗೆ ಬರಲಿಲ್ಲ. ಹೋಗಿ ನೋಡಿದರೆ ಕಿಟಕಿಗೆ ಬೆಡ್‌ಶೀಟು ಇಳಿಬಿಟ್ಟು, ಗೋಡೆಯ ಕಡೆ ತಿರುಗಿ ಕೂತಿದ್ದಳು.

"ಯಾಕೇ, ಏನಾಯ್ತು?"

"ಏನಿಲ್ಲ. ಬಿಸಿಲು ಚುಚ್ತದೆ."

ಗಲ್ಲ ಹಿಡಿದು ತಿರುಗಿಸಿದೆ. ಎಡಗಣ್ಣು ಕುಂಕುಮ ಬಿದ್ದ ಹಾಗೆ ಕೆಂಪಗಾಗಿ ನೀರು ಸುರಿಯುತ್ತಿತ್ತು. ಹಿತ್ತಿಲಿಗೆ ಎಳೆದುಕೊಂಡು ಹೋಗಿ ಎದುರು ಮಹಡಿ ತೋರಿಸಿದೆ.

"ಏನೈತೆ?"

"ನೀಲಿ ನೈಟಿ."

ಆವತ್ತು ತಂತಿಯ ಮೇಲೆ ಏನೂ ಇರಲಿಲ್ಲ.

ಒಂದು ಲೋಟ ಶುಂಠಿ ಟೀ ಮಾಡಿ ಕೊಟ್ಟು, ಮೊಮ್ಮಗಳನ್ನು ಎಬ್ಬಿಸಿ ಹೊರಡಿಸೋಣ ಎಂದು ಅವಳ ಅಡುಗೆಮನೆಗೇ ನುಗ್ಗಿದೆ. ಶುಂಠಿ ಜಜ್ಜಲು ಕುಟ್ಟಾಣಿ ಎತ್ತಿಕೊಂಡರೆ ಅದರ ತಳದಲ್ಲಿ ಬೆಳ್ಳಗೆ ಪುಡಿ. ಬೆರಳಿಗೆ ಹಚ್ಚಿ ನಾಲಿಗೆಗೆ ತಾಗಿಸಿದೆ. ಕಹಿ. ಪಕ್ಕದಲ್ಲಿ ಒಂದು ಬಟ್ಟಲಿನಲ್ಲಿ ಅರ್ಧ ಮಾತ್ರೆಗಳು. ಎಲ್ಲವೂ ಅರ್ಧ.

"ಇದೇನೇ ಇದು?"

ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಯಾರಿಗೆ ಕುಟ್ತಿದೀಯಾ ಇದನ್ನ?"

"ಬಾಳೆಗೆ."

"ಏನಂದೆ?"

"ಅರ್ಧ ನನಗೆ, ಅರ್ಧ ಅದಕ್ಕೆ. ಡಾಕ್ಟ್ರೇ ತುಂಡು ಮಾಡಿ ಅಂದ್ರಲ್ಲ. ನಂಗೆ ಅರ್ಧ ಸಾಕು ಅನ್ನಿಸ್ತು, ಉರಿ ಕಮ್ಮಿ ಆಗಿತ್ತು. ನೀರಲ್ಲಿ ಕಲಸಿ ಬುಡಕ್ಕೆ ಹಾಕ್ತಿದ್ದೆ. ಎರಡಕ್ಕೂ ಒಂದೇ ಮಾಲೆ ಅಂತ ನಿನ್ನ ಮೊಮ್ಮಗಳೇ ಹೇಳಿದ್ಲು."

ಹಬ್ಬದ ದಿನ ಹಸುವಿಗೆ, ಕಾಗೆಗೆ ತೆಗೆದಿಟ್ಟು ಆಮೇಲೆ ಉಣ್ಣುವ ಮನೆ ನಮ್ಮದು. ಆ ಬುದ್ಧಿಯನ್ನು ಮಾತ್ರೆಗೂ ಹಚ್ಚಿದ್ದಳು. ನನ್ನ ಲೆಕ್ಕವೆಲ್ಲ ಹಾಳೆ ಖಾಲಿಯಾಗುವುದರ ಮೇಲಿತ್ತು, ಹೊಟ್ಟೆಗೆ ಹೋಗುವುದರ ಮೇಲಿರಲಿಲ್ಲ. ಕೂಗಾಟ ಕೇಳಿ ಮೊಮ್ಮಗಳು ಬಂದಳು. ಬಟ್ಟಲು ನೋಡಿದಳು, ಕಣ್ಣು ನೋಡಿದಳು.

"ಅರ್ಧ ಡೋಸಾ? ಇಷ್ಟು ದಿನವೂ ಅರ್ಧ ಡೋಸಾ?" ಎಂದು ಎರಡು ಸಲ ಕೇಳಿ ಆಟೋ ಬುಕ್ ಮಾಡಿದಳು.

ರಾಜಾಜಿನಗರದ ಕಣ್ಣಿನ ಆಸ್ಪತ್ರೆಗೆ ಹೋಗುವ ದಾರಿ ಆವತ್ತಿನಷ್ಟು ಉದ್ದ ಎಂದೂ ಇರಲಿಲ್ಲ. ಮೈಸೂರು ರಸ್ತೆಯಲ್ಲಿ ಬಸ್ಸು, ಲಾರಿ, ಮೆಟ್ರೋ ಕಂಬ. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ನನ್ನ ತೋಳು ಹಿಡಿದಿದ್ದಳು. ಹಿಡಿತ ಸಡಿಲವಾದರೆ ನಾನೇ ಗಟ್ಟಿಯಾಗಿ ಒತ್ತುತ್ತಿದ್ದೆ. ಮೊಮ್ಮಗಳು ಪಕ್ಕದಲ್ಲಿ ಕೂತು ಅಳುತ್ತಿದ್ದಳು, ಅತ್ತದ್ದು ಕಾಣದಿರಲೆಂದು ಫೋನು ನೋಡುತ್ತಿದ್ದಳು.

"ಅಕ್ಕಾ, ಕಣ್ಣು ಹೋದ್ರೆ?"

"ಹೋದ್ರೆ ಇನ್ನೊಂದೈತಲ್ಲ, ಹೂ ಬಿದ್ದಿರೋದು. ಅದ್ರಲ್ಲೇ ನನ್ನ ಮುಖ ನೋಡು, ಚೆನ್ನಾಗಿ ಕಾಣ್ತೀನಿ."

ಅವಳು ನಗಲಿಲ್ಲ. ನನಗೂ ನಗು ಬಂದಿರಲಿಲ್ಲ.

ಕಣ್ಣಿನ ಡಾಕ್ಟರು ವಯಸ್ಸಾದವರು. ಕಣ್ಣಿಗೆ ಹಳದಿ ಬಣ್ಣದ ಹನಿ ಹಾಕಿ, ಕತ್ತಲೆ ಕೋಣೆಯಲ್ಲಿ ಮಿಷನ್ನಿನ ಮುಂದೆ ಗಲ್ಲ ಇಡಿಸಿ ನೀಲಿ ಬೆಳಕು ಬಿಟ್ಟು ನೋಡಿದರು. ಹೊರಗೆ ಬಂದು, ಕಪ್ಪು ಗುಡ್ಡೆಯ ಮೇಲೆ ಹುಣ್ಣಾಗಿದೆ, ಒಳಗೂ ಊತವಿದೆ ಎಂದರು. ಮಾತ್ರೆಯ ಕಥೆ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾವ ಗಿಡಕ್ಕಮ್ಮಾ ಹಾಕಿದ್ದು?"

"ಏಲಕ್ಕಿ ಬಾಳೆಗೆ ಸಾರ್."

"ನಲವತ್ತು ವರ್ಷದಿಂದ ಕಣ್ಣು ನೋಡ್ತಿದೀನಿ. ಇದು ಮೊದಲು." ಆಮೇಲೆ ಗಂಭೀರವಾಗಿ ಹೇಳಿದರು. "ಅರ್ಧ ಡೋಸು ಅಂದ್ರೆ ವೈರಸ್ಸಿಗೆ ಅರ್ಧ ರಜಾ ಕೊಟ್ಟ ಹಾಗೆ. ಮತ್ತೆ ಪೂರ್ತಿ ಶುರು ಮಾಡೋಣ. ಡ್ರಾಪ್ಸು, ಆಯಿಂಟ್ಮೆಂಟು ಬಿಡಬಾರದು. ಕಣ್ಣು ಉಳಿಯುತ್ತಾ ಅಂತ ಕೇಳ್ಬೇಡಿ, ಈಗ ಹೇಳಕ್ಕಾಗಲ್ಲ. ಹುಣ್ಣು ನಡುವಿಗೆ ಬರದಿದ್ರೆ ಪುಣ್ಯ."

ಅದಾದಮೇಲೆ ಅವಳನ್ನು ನನ್ನ ಕೋಣೆಯಲ್ಲೇ ಇಟ್ಟುಕೊಂಡೆ. ಮಾತ್ರೆ ನಾನೇ ಬಾಯಿಗೆ ಹಾಕಿ, ನೀರು ಕುಡಿಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದೆ. "ನಾನೇನು ಕಳ್ಳೀನಾ?" ಎಂದರೆ "ಹೌದು" ಎನ್ನುತ್ತಿದ್ದೆ. ಕಣ್ಣಿಗೆ ಕಪ್ಪು ಕನ್ನಡಕ, ಕಿಟಕಿಗೆ ಪರದೆ. ಯಾರಾದರೂ ಬಾಗಿಲು ತೆರೆದರೆ ಬೆಳಕಿಗೆ ಮುಖ ಮುಚ್ಚಿಕೊಳ್ಳುತ್ತಿದ್ದಳು. ಏನು ಕಾಣುತ್ತದೆ ಎಂದರೆ, "ಹಾಲು ಚೆಲ್ಲಿದಂಗೆ" ಎನ್ನುತ್ತಿದ್ದಳು. ಅದನ್ನು ಕೇಳಲು ನನಗೆ ಧೈರ್ಯ ಸಾಲದೆ ಕೇಳುವುದನ್ನೇ ಬಿಟ್ಟೆ.

ಆದರೂ ಅವಳ ಜೀವವೆಲ್ಲ ಹಿತ್ತಿಲಲ್ಲಿತ್ತು. "ನೋಡ್ಕೊಂಡು ಬಾರಕ್ಕಾ, ಸುಳಿ ಬಿಚ್ಚೈತಾ?" ಎಂದು ದಿನವೂ ಕೇಳುತ್ತಿದ್ದಳು. ಇಷ್ಟು ಮಾತ್ರೆ ತಿಂದ ಬಾಳೆ ಬದುಕಲೇಬೇಕು ಎಂಬ ಹಟ. ಒಂದು ಸಂಜೆ ಮೊಮ್ಮಗಳು ಬ್ಯಾಗಿನಿಂದ ಎರಡು ಗಾಜಿನ ಬಾಟಲಿ ತೆಗೆದು ಮಂಚದ ಮೇಲಿಟ್ಟಳು. ಬಾಯಿ ಬಿಗಿದು ಟೇಪು ಸುತ್ತಿತ್ತು. ಲ್ಯಾಬಿನಲ್ಲಿ ಕೆಲಸ ಮುಗಿದು ನಾಶ ಮಾಡಬೇಕಾದವು, ತೋರಿಸಿ ವಾಪಸು ಒಯ್ಯುತ್ತೇನೆ, ತೆರೆಯಬೇಡಿ ಎಂದಳು.

"ಆವತ್ತು ಅರ್ಧಕ್ಕೆ ಬಿಟ್ಟು ಹೋದೆ ಚಿಕ್ಕಜ್ಜಿ. ಪೂರ್ತಿ ಹೇಳ್ತೀನಿ. ನಿಮ್ಮ ವೈರಸ್ಸು ಮಾಲೆ ಕಟ್ಟೋ ಕೈನ ತಾನೇ ತರುತ್ತೆ. ಮಾತ್ರೆಗೆ ಮೋಸದ ಹೂವಿನ ವೇಷ ಹಾಕೋದೂ ಆ ವೈರಸ್ಸಿನ ಇನ್ನೊಂದು ಎನ್‌ಜೈಮೇ ಶುರು ಮಾಡ್ಬೇಕು. ಅದಕ್ಕೇ ಮಾತ್ರೆ ವೈರಸ್ಸನ್ನ ಹಿಡಿಯುತ್ತೆ, ನಿಮ್ಮನ್ನ ಬಿಡುತ್ತೆ. ಬಾಳೆ ವೈರಸ್ಸು ತೀರಾ ಬಡವ. ಅದಕ್ಕೆ ಸ್ವಂತ ಕೈನೇ ಇಲ್ಲ. ಬಾಳೆ ತಾನು ಬೆಳೆಯೋಕೆ ಅಂತ ತನ್ನ ಮಾಲೆ ಕಟ್ಕೊಳ್ಳೋ ಕೈ ಇದೆಯಲ್ಲ, ಅದ್ರಲ್ಲೇ ತನ್ನದನ್ನೂ ಕಟ್ಟಿಸ್ಕೊಳ್ಳುತ್ತೆ. ಅಲ್ಲಿ ಮಾತ್ರೆಗೆ ವೇಷ ಹಾಕೋರೇ ಇಲ್ಲ. ನೀವು ಹಾಕಿದ ಪುಡಿ ಮಣ್ಣಲ್ಲಿ ಮಣ್ಣಾಯ್ತು."

"ಹಂಗಾದ್ರೆ ಬಾಳೆ ಕೈನೇ ಕಟ್ಟಾಕೋ ಔಷಧಿ ಹಾಕು."

"ಇದೆ. ಹಾಕಿದೀವಿ. ಅದೇ ಈ ಬಾಟ್ಲಿ."

ಅವಳು ಕನ್ನಡಕ ತೆಗೆದು, ಎಡಗಣ್ಣನ್ನು ಮುಚ್ಚಿಕೊಂಡು, ಒಂದೊಂದು ಬಾಟಲಿಯನ್ನೂ ಬಲಗಣ್ಣಿನ ಹತ್ತಿರಕ್ಕೆ ತಂದಳು. ಹಸಿರು ಇದೆಯೋ ಇಲ್ಲವೋ ಎಂಬುದಷ್ಟೇ ಆ ಕಣ್ಣಿಗೆ ಕಾಣುವುದು. "ಅಕ್ಕಾ, ನೀನೇ ಹೇಳು" ಎಂದು ನನ್ನ ಕೈಗೆ ಕೊಟ್ಟಳು.

ನನಗೆ ಕಂಡದ್ದನ್ನೇ ಹೇಳಿದೆ. ಒಂದು ಬಾಟಲಿಯಲ್ಲಿ ಬಿಳಿಚಿಕೊಂಡ ಒಂದು ಮೊಳಕೆ, ಉಗುರಿನಷ್ಟು. ಸತ್ತಿಲ್ಲ, ಬೆಳೆದೂ ಇಲ್ಲ. ಇನ್ನೊಂದರಲ್ಲಿ ಗಿಡ ಬೆಳೆದಿದೆ, ಎಲೆಗಳು ಮಾತ್ರ ಒತ್ತೊತ್ತಾಗಿ ಪೊರಕೆಯಂತೆ ನಿಂತಿವೆ, ಹಿತ್ತಿಲಿನದರ ಮರಿ.

"ಮೊದಲನೇದ್ರಲ್ಲಿ ಔಷಧಿ ಜೋರು" ಎಂದಳು ಮೊಮ್ಮಗಳು. "ಕೈ ನಿಂತು ವೈರಸ್ಸೂ ನಿಂತ್ಹೋಯ್ತು, ಬಾಳೆನೂ ನಿಂತ್ಹೋಯ್ತು. ಎರಡನೇದ್ರಲ್ಲಿ ಕಮ್ಮಿ. ಬಾಳೆ ಬೆಳೀತು, ಅದ್ರ ಜೊತೆ ವೈರಸ್ಸೂ ಬೆಳೀತು. ಇವೆರಡರ ಮಧ್ಯೆ ಒಂದು ಜಾಗ ಇದೆಯಾ ಅಂತ ನಾವು ಹುಡುಕ್ತಾ ಇದೀವಿ. ಇನ್ನೂ ಸಿಕ್ಕಿಲ್ಲ. ಸಿಕ್ಕಿದ್ರೂ ಬಾಟ್ಲಿ ಒಳಗಿನ ಕುಡಿಗೆ ಅಷ್ಟೇ. ಹಿತ್ತಿಲಲ್ಲಿ ನಿಂತಿರೋದಕ್ಕಲ್ಲ."

ನನ್ನ ವಾರಗಿತ್ತಿ ಬಾಟಲಿ ವಾಪಸು ಕೊಟ್ಟು ಕನ್ನಡಕ ಹಾಕಿಕೊಂಡಳು. "ಹಂಗಾದ್ರೆ ನಾನು ಕೊಟ್ಟಿದ್ದು ಅದಕ್ಕೆ ಮುಟ್ಲೇ ಇಲ್ಲ."

"ಇ‌ಲ್ಲ ಚಿಕ್ಕಜ್ಜಿ."

"ಒಂದು ಚೂರೂ?"

"ಒಂದು ಚೂರೂ ಇಲ್ಲ."

ಅವಳ ಕೆನ್ನೆಯ ಮೇಲೆ ಇಳಿದದ್ದು ಕಣ್ಣಿನ ರೋಗದ ನೀರೋ, ಬೇರೆಯದೋ ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. ಕೊನೆಗೆ, "ತೆಗೆಸ್ಬಿಡಿ" ಎಂದಳು. "ಪಕ್ಕದ ಬೀದಿಯೋರ ಬಾಳೆಗೂ ಅಂಟ್ತದಾ?"

"ಗಿಡದ ಹೇನು ಹಾರ್ಕೊಂಡು ಹೋಗಿ ಅಂಟಿಸುತ್ತೆ."

"ಮತ್ತೆ ಯಾಕೇ ಕಾಯ್ತಿದೀರಾ? ತೆಗೀರಿ!"

ಭಾನುವಾರ ನನ್ನ ಮಗ ಮೊದಲು ಸುಳಿಗೆ ಸೀಮೆಎಣ್ಣೆ ಸುರಿದು ಹೇನು ಸಾಯಿಸಿ, ಆಮೇಲೆ ಗಡ್ಡೆ ಸಮೇತ ಅಗೆದು ತೆಗೆದ. ಒಂದು ಬೇರೂ ಉಳಿಯದ ಹಾಗೆ ಮೊಮ್ಮಗಳು ನಿಂತು ನೋಡಿಕೊಂಡಳು. ನನ್ನ ವಾರಗಿತ್ತಿ ಹೊರಗೆ ಬರಲಿಲ್ಲ. ಒಳಗಿನಿಂದಲೇ, "ಹಾರೆ ಹಾಕೋ ಸದ್ದು ನೋಡು, ಬಾವಿ ತೋಡ್ತಾವ್ನೆ" ಎಂದಳು. ಬೈಯುವ ಶಕ್ತಿ ಬಂದದ್ದು ನನಗೆ ಒಳ್ಳೆಯದೆನಿಸಿತು. ಮುಂದಿನ ಹಬ್ಬಕ್ಕೆ ಎಲೆ ಕೇಳಲು ಬಂದವರಿಗೆ ನಾನೇ ಇಲ್ಲ ಎಂದು ಹೇಳಿ ಕಳಿಸಿದೆ. ಅವರು ಎಲೆ ಬಿಟ್ಟು ಆಂಟಿಯ ಕಣ್ಣಿನ ಬಗ್ಗೆ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ.

ಉತ್ತರ ಗೊತ್ತಾಗುವ ದಿನ ಮತ್ತೆ ರಾಜಾಜಿನಗರಕ್ಕೆ ಹೋದೆವು. ಓದು ಬಾರದವರಿಗೆ ಅಲ್ಲಿ ಬೇರೆ ಬೋರ್ಡು ಇದೆ. ಮೂರು ಹಲ್ಲಿನ ಬಾಚಣಿಗೆಯಂಥ ಗುರುತು, ಹಲ್ಲು ಯಾವ ಕಡೆಗಿದೆ ಎಂದು ಬೆರಳಿನಲ್ಲಿ ತೋರಿಸಬೇಕು. ನರ್ಸು ಬಲಗಣ್ಣು ಮುಚ್ಚಿದಳು. ನಾನು ಬಾಗಿಲ ಹತ್ತಿರ ನಿಂತೆ. ದೊಡ್ಡ ಗುರುತಿಗೆ ಅವಳ ಕೈ ಪಟ್ಟನೆ ಮೇಲೆ ಹೋಯಿತು. ಎರಡನೇ ಸಾಲಿಗೆ ಬಲಕ್ಕೆ, ಕೆಳಕ್ಕೆ. ಮೂರನೆಯದಕ್ಕೆ ನಿಧಾನವಾಯಿತು. ನನಗೆ ಸರಿಯಾದ ದಿಕ್ಕು ಗೊತ್ತಿತ್ತು, ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಸರಿಯಾಗಿಯೇ ತೋರಿಸಿದಳು. ಅದರ ಕೆಳಗಿನದಕ್ಕೆ ಕೈ ಗಾಳಿಯಲ್ಲಿ ನಿಂತಿತು. ಅತ್ತ ಹೋಯಿತು, ಇತ್ತ ಬಂತು. "ಇರುವೆ ಸಾಲು ಇದ್ದಂಗೈತೆ, ದಿಕ್ಕು ಗೊತ್ತಾಗಲ್ಲ" ಎಂದಳು.

ಡಾಕ್ಟರು ಮಿಷನ್ನಿನಲ್ಲಿ ನೋಡಿ ಕುರ್ಚಿ ಹಿಂದಕ್ಕೆ ಸರಿಸಿದರು. "ಅಂಚಿನಲ್ಲಿ ಕಲೆ ಉಳಿದಿದೆ. ನಡುವಿಗೆ ಬಂದಿಲ್ಲ. ನಿಮ್ಮ ಕೆಲಸ ನೀವು ಮಾಡ್ಕೊಳ್ಳೋಷ್ಟು ಕಾಣುತ್ತೆ, ಮೊದಲಿನ ಹಾಗೆ ಅಲ್ಲ."

"ಪೂರ್ತಿ ಹೋಯ್ತಾ ಸಾರ್ ಅದು?"

"ಅದು ಹೋಗಲ್ಲಮ್ಮ. ನರದೊಳಗೆ ಮತ್ತೆ ಮಲಗಿದೆ. ಔಷಧಿ ಮಾಲೆ ಕಟ್ಟೋದನ್ನ, ಅಲ್ಲ, ಅದು ಹೆಚ್ಚೋದನ್ನ ನಿಲ್ಸುತ್ತೆ, ಮಲಗಿರೋದನ್ನ ಕೊಲ್ಲಲ್ಲ." ಮೊಮ್ಮಗಳು ಅವರಿಗೂ ಹೂವಿನ ಕಥೆ ಹೇಳಿದ್ದಳೆಂದು ಕಾಣುತ್ತದೆ. "ಕಣ್ಣು ಕೆಂಪಾದ್ರೆ, ಹಣೆ ಉರಿದ್ರೆ, ಆ ದಿನವೇ ಬನ್ನಿ."

ಮೆಟ್ಟಿಲು ಇಳಿಯುವಾಗ ಅವಳು ಕೈ ಹಿಡಿಯಲಿಲ್ಲ, ಕಂಬಿ ಹಿಡಿದಳು. ಕೊನೆಯ ಮೆಟ್ಟಿಲ ಹತ್ತಿರ ಕಾಲಿಂದ ತಡವಿ, ನೆಲ ಸಿಕ್ಕಮೇಲೆ ಇಳಿದಳು. ಮೊದಲು ಹಾಗೆ ತಡವುತ್ತಿರಲಿಲ್ಲ. ರಸ್ತೆಗೆ ಬಂದು ಆಟೋ ಕಾಯುವಾಗ ಹೇಳಿದಳು.

"ಅಕ್ಕಾ, ಇನ್ನೊಂದ್ಸಲ ಬಂದ್ರೆ ಮಾತ್ರೆ ನಿನ್ನ ಹತ್ರಾನೇ ಇಟ್ಕೋ. ನಂಗೆ ಕೊಡ್ಬೇಡ."

"ಕೊಡೋರ್ಯಾರು ನಿಂಗೆ?"

ಈಗ ಅವಳು ತನ್ನ ಪೋರ್ಷನ್ನಿಗೆ ಹಿಂದಿರುಗಿದ್ದಾಳೆ. ಅಡುಗೆ ಮಾಡಿಕೊಳ್ಳುತ್ತಾಳೆ, ಕಾಫಿಗೆ ಬರುತ್ತಾಳೆ, ನನ್ನ ಸೀರೆಯ ಕಲೆ ಮಾತ್ರ ಅವಳಿಗೆ ಕಾಣುವುದಿಲ್ಲ. ಕೂತಲ್ಲಿ ಒಮ್ಮೆ ಹುಬ್ಬಿನ ಮೇಲೆ ಕೈ ಆಡಿಸಿದರೆ ಸಾಕು, ನನ್ನ ಕೈಯ ಕೆಲಸ ನಿಲ್ಲುತ್ತದೆ. "ಸೊಳ್ಳೆ ಕಣಕ್ಕಾ" ಎನ್ನುತ್ತಾಳೆ. ಇರಬಹುದು. ಎದ್ದು ಹೋಗಿ, ಅವಳ ಮುಖವನ್ನು ಬೆಳಕಿಗೆ ತಿರುಗಿಸಿ, ನೋಡಿಯೇ ಬಂದು ಕೂರುತ್ತೇನೆ.